ಮನೆಯಂಗಳದ ಸೀಬೆ ಗಿಡ: ವಿತರಣೆಯಿಂದ ಫಲದವರೆಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನ ಹಾಗೂ ಜುಲೈ ಮೊದಲ ವಾರದ ವನಮಹೋತ್ಸವದ ಸಂದರ್ಭದಲ್ಲಿ ಮನೆಮನೆಗೆ ಸಸಿ ವಿತರಿಸುವುದು ವಾಡಿಕೆ. ವಿತರಿಸಿದ ಸಸಿಗಳ ಸಂಖ್ಯೆ ವರದಿಯಲ್ಲಿ ದಾಖಲಾಗುತ್ತದೆ. ಮರುವರ್ಷದ ಏಪ್ರಿಲ್‌ನಲ್ಲಿ ಅವುಗಳಲ್ಲಿ ಎಷ್ಟು ಉಳಿದಿವೆ ಎಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. 100 ಸಸಿ ವಿತರಿಸಿ 20 ಮಾತ್ರ ಉಳಿದರೆ, ಪ್ರಯೋಜನ ಪಡೆದ ಕುಟುಂಬಗಳು 20 ಮಾತ್ರ. ಆದುದರಿಂದ ಸಸಿಯ ವಿತರಣೆಗಿಂತ ಅದರ ಮೊದಲ ಬೇಸಿಗೆಯ ಪಾಲನೆಯೇ ಮುಖ್ಯ.

1. ಸೀಬೆಯೇ ಏಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಸಿ ಜೀವಸತ್ವ ಸಹಕಾರಿ. ಸೀಬೆ ಅಥವಾ ಪೇರಲ ಹಣ್ಣಿನಲ್ಲಿ ಈ ಜೀವಸತ್ವವು ಕಿತ್ತಳೆಗಿಂತ ಹಲವು ಪಟ್ಟು ಅಧಿಕ. ಇದು ಚಿಕಿತ್ಸೆಗೆ ಬದಲಿಯಲ್ಲ. ನಿತ್ಯದ ಊಟಕ್ಕೆ ಪೂರಕ.

ಅಪರೂಪದ ಹಣ್ಣಿನ ಸಸಿಗಳಿಗೆ ಮನಸೋಲುವುದು ತರವಲ್ಲ. ಲಡಾಖ್‌ನ ಮನೆಯಂಗಳಗಳಲ್ಲಿ ಸಮೃದ್ಧವಾಗಿ ಫಲಿಸುವ ಏಪ್ರಿಕಾಟ್ ಮರಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆಗಳ ತೀವ್ರ ಶೀತ ಅವಶ್ಯಕ. ನಮ್ಮ ಬಯಲುಸೀಮೆಯಲ್ಲಿ ಅದು ದೊರೆಯದು. ಸೀಬೆಯಾದರೋ ಕೆಂಪುಮಣ್ಣಿನಲ್ಲಿಯೂ, ನೀರು ಬಸಿದುಹೋಗುವಂತೆ ಏರು ಮಾಡಿದಲ್ಲಿ ಎರೆಮಣ್ಣಿನಲ್ಲಿಯೂ ಬೆಳೆಯುತ್ತದೆ. ಅಲಹಾಬಾದ್ ಸಫೇದಾ, ಲಖನೌ-49, ಅರ್ಕಾ ಮೃದುಲಾ, ಅರ್ಕಾ ಕಿರಣ್ ಪರಿಚಿತ ತಳಿಗಳು. ಬೀಜದಿಂದ ಬೆಳೆಸಿದ ಸಸಿಗಿಂತ ಕಸಿ ಸಸಿ ಬೇಗ ಫಲ ನೀಡುವುದಲ್ಲದೆ ತಾಯಿಗಿಡದ ಗುಣವನ್ನೂ ಉಳಿಸಿಕೊಳ್ಳುತ್ತದೆ.

2. ನೆಡುವ ಕ್ರಮ

ಮನೆಯ ಗೋಡೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿ, ಬಿಸಿಲು ಬೀಳುವ ಕಡೆ, 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಯನ್ನು ಮಳೆಗಾಲಕ್ಕೆ ಮುಂಚೆಯೇ ತೆಗೆಯಬೇಕು. ಮೇಲ್ಮಣ್ಣಿನೊಂದಿಗೆ ಸುಮಾರು 10 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ಗುಂಡಿ ತುಂಬಬೇಕು. ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಸಂಪೂರ್ಣ ತೆಗೆದು, ಬೇರಿನ ಮಣ್ಣು ಒಡೆಯದಂತೆ ಎಚ್ಚರ ವಹಿಸಬೇಕು. ಕಸಿಯ ಗಂಟು ನೆಲಮಟ್ಟದಿಂದ ಮೇಲಿರಬೇಕು. ಊರುಗೋಲು ಮತ್ತು ಮುಳ್ಳುಬೇಲಿ ಅದೇ ದಿನ ಆಗಬೇಕು. ಮೇಕೆಯು ನಾಳೆಯವರೆಗೆ ಕಾಯುವುದಿಲ್ಲ.

3. ಬಚ್ಚಲು ನೀರಿನ ಲೆಕ್ಕ

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊರತೆಯಿರುವಾಗ ಗಿಡಕ್ಕೆ ನೀರೆಲ್ಲಿ ಎಂಬ ಪ್ರಶ್ನೆ ಸಹಜ. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ 55 ಲೀಟರ್ ದೊರೆತರೆ, ನಾಲ್ವರ ಕುಟುಂಬಕ್ಕೆ ದಿನಕ್ಕೆ 220 ಲೀಟರ್. ಅದರಲ್ಲಿ ಅರ್ಧ ಮಾತ್ರ ಬಳಕೆಯಾದ ನೀರಾಗಿ ಹೊರಬಂದರೂ 110 ಲೀಟರ್ ಆಗುತ್ತದೆ. ಎಳೆಯ ಗಿಡಕ್ಕೆ ಎರಡು ಮೂರು ದಿನಗಳಿಗೊಮ್ಮೆ 15 ಲೀಟರ್, ಅಂದರೆ ಒಂದು ದೊಡ್ಡ ಕೊಡ, ಸಾಕಾಗುತ್ತದೆ. ನೀರು ಅರ್ಧ ಪ್ರಮಾಣದಲ್ಲಿ ಬಂದ ದಿನಗಳಲ್ಲಿಯೂ ಈ ಲೆಕ್ಕ ತಪ್ಪುವುದಿಲ್ಲ.

ಪಾತ್ರೆ ತೊಳೆದ ಹಾಗೂ ಸ್ನಾನದ ನೀರನ್ನು ಪಾತಿಗೆ ಹರಿಸಬಹುದು. ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲ್ ಬೆರೆತ ನೀರನ್ನು ಮತ್ತು ಶೌಚಾಲಯದ ನೀರನ್ನು ಹರಿಸತಕ್ಕದ್ದಲ್ಲ. ಪಾತಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಸೊಳ್ಳೆಯೂ ಹೆಚ್ಚುತ್ತದೆ. ಒಣಗಿದ ಎಲೆ, ಹುಲ್ಲಿನ ಹೊದಿಕೆಯು ತೇವವನ್ನು ಕಾಪಾಡುತ್ತದೆ.

4. ಪಾಲನೆ

ಮೊದಲ ವರ್ಷದ ಹೂಗಳನ್ನು ಚಿವುಟಿದರೆ ಗಿಡ ಬಲಗೊಳ್ಳುತ್ತದೆ. ಸೀಬೆಯು ಹೊಸ ಚಿಗುರಿನಲ್ಲಿ ಫಲ ಕಚ್ಚುವುದರಿಂದ ಕೊಯ್ಲಿನ ನಂತರ ಲಘುವಾಗಿ ಸವರುವುದು ಹಿತಕರ. ಹಣ್ಣುನೊಣದ ಹುಳು ಬಿದ್ದ ಹಣ್ಣುಗಳನ್ನು ಮರದಡಿ ಬಿಡದೆ ಆಯ್ದು ನಾಶಪಡಿಸಬೇಕು.

5. ಸದಸ್ಯರ ಹೊಣೆ

ಅಂಗಳ, ನೀರು ಮತ್ತು ಆಸಕ್ತಿ ಮೂರೂ ಇರುವ ಕುಟುಂಬಗಳನ್ನು ವಾರ್ಡ್ ಸಭೆಯಲ್ಲಿ ಗುರುತಿಸುವುದು ಮೊದಲ ಕೆಲಸ. ಅಂಗಳವೇ ಇಲ್ಲದ ಮನೆಗಳ ಪಾಲನ್ನು ಅಂಗನವಾಡಿ ಅಥವಾ ಶಾಲೆಯ ಆವರಣದಲ್ಲಿ ನೆಡಬಹುದು. ಗುಂಡಿ ಸಿದ್ಧವಾದ ಮನೆಗೆ ಮಾತ್ರ ಸಸಿ ನೀಡುವುದು ಉತ್ತಮ ಪದ್ಧತಿ. ಅಕ್ಟೋಬರ್, ಫೆಬ್ರವರಿ ಹಾಗೂ ಮೇ ತಿಂಗಳುಗಳಲ್ಲಿ ಪ್ರತಿ ಸದಸ್ಯರು ತಮ್ಮ ವಾರ್ಡಿನ ಗಿಡಗಳನ್ನು ಖುದ್ದಾಗಿ ಎಣಿಸಿ, ಒಂದೇ ವಹಿಯಲ್ಲಿ ದಾಖಲಿಸಿದರೆ ಮುಂದಿನ ವರ್ಷದ ಬೇಡಿಕೆಗೆ ಅದೇ ಆಧಾರವಾಗುತ್ತದೆ.

ಸಾಮಾನ್ಯ ಸಭೆಯಲ್ಲಿ ಚರ್ಚೆಗೆ:

ಅ) ಕಳೆದ ಸಾಲಿನಲ್ಲಿ ತಮ್ಮ ವಾರ್ಡಿನಲ್ಲಿ ವಿತರಿಸಿದ ಸಸಿಗಳಲ್ಲಿ ಇಂದು ಎಷ್ಟು ಉಳಿದಿವೆ?
ಆ) ಉಳಿಯದಿರುವುದಕ್ಕೆ ನೀರು, ಮೇಕೆ, ಸ್ಥಳ, ನಿರಾಸಕ್ತಿ ಇವುಗಳಲ್ಲಿ ಪ್ರಧಾನ ಕಾರಣ ಯಾವುದು?
ಇ) ಬಚ್ಚಲು ನೀರು ಬೀದಿಗೆ ಹರಿಯುತ್ತಿರುವ ಮನೆಗಳೆಷ್ಟು? ಅವುಗಳಲ್ಲಿ ಗಿಡಕ್ಕೆ ಸ್ಥಳವಿರುವವು ಎಷ್ಟು?