ಐಎಸ್‌ಒ ಏರಿಸಲು ಅಂಜಬೇಡಿ

ರಾತ್ರಿ ಯಕ್ಷಗಾನ ಬಯಲಾಟದ ಫೋಟೊ ತೆಗೆಯಲು ಹೊರಟಿದ್ದೀರಾ? ಐಎಸ್‌ಒ 800 ದಾಟಿದರೆ ಚಿತ್ರ ಕೆಟ್ಟಂತೆ ಎಂಬ ಹಳೆಯ ಹೆದರಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಪುಂಡುವೇಷದ ಕಲಾವಿದ ದಿಗಿಣ ಹಾರುವಾಗ ಸೆಕೆಂಡಿನ 1/60ರ ಷಟರ್ ವೇಗ ಸಾಲದು. ಕೈಕಾಲು, ಗೆಜ್ಜೆ ಎಲ್ಲ ಕಲಸಿಹೋಗುತ್ತವೆ. ಕನಿಷ್ಠ 1/250 ಬೇಕು, 1/500 ಸಿಕ್ಕರೆ ಇನ್ನೂ ಒಳ್ಳೆಯದು. 1/60ಕ್ಕೆ ಐಎಸ್‌ಒ 1600 ಸಾಕಾಗಿದ್ದ ಬೆಳಕಿನಲ್ಲಿ 1/250ಕ್ಕೆ 6400 ಬೇಕಾಗುತ್ತದೆ. ಧೈರ್ಯವಾಗಿ ಇಡಿ. ಕಾಳುಕಾಳಾಗಿ ಬಂದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟೋ ನಯಗೊಳಿಸಬಹುದು. ಅಲುಗಿ ಮಸುಕಾದ ಕಣ್ಣುಗಳು ಮಾತ್ರ ಮರಳಿ ಬರುವುದಿಲ್ಲ.

ಆ ಕಾಳುಗಳಿಗೆ ಮೂಲ ಕಾರಣ ಐಎಸ್‌ಒ ಅಲ್ಲ, ಸೆನ್ಸರ್ ಮೇಲೆ ಬಿದ್ದ ಬೆಳಕಿನ ಕೊರತೆ. ಆದ್ದರಿಂದ ಮೊದಲು ಲೆನ್ಸಿನ ಅಪರ್ಚರ್ ಪೂರ್ತಿ ತೆರೆಯಿರಿ. ಎಫ್ 1.8ರ 50 ಎಂಎಂ ಲೆನ್ಸ್ ದುಬಾರಿಯಲ್ಲ, ರಂಗಸ್ಥಳದ ಹತ್ತಿರ ಕುಳಿತರೆ ಅದೇ ಸಾಕು. ಆಮೇಲೆ ನಯಗೊಳಿಸಲು ಅನುಕೂಲವಾಗುವಂತೆ ರಾ ಫೈಲ್‌ನಲ್ಲೇ ತೆಗೆಯಿರಿ.

ಇನ್ನೊಂದು ಎಚ್ಚರ: ಹಿಂದಿನ ಕತ್ತಲೆ ಕ್ಯಾಮೆರಾದ ಮೀಟರಿಗೆ ಮೋಸ ಮಾಡುತ್ತದೆ. ಅದು ಕತ್ತಲನ್ನೂ ಬೆಳಗಿಸಲು ಹೋಗಿ ಬಣ್ಣ ಹಚ್ಚಿದ ಮುಖವನ್ನು ಬಿಳುಚಿಸಿಬಿಡುತ್ತದೆ. ಸ್ಪಾಟ್ ಮೀಟರಿಂಗ್ ಹಾಕಿ, ಮುಖದ ಬೆಳಕನ್ನೇ ಅಳೆಯಿರಿ.

ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ. ಕುಣಿಯುತ್ತಿರುವವರ ಕಣ್ಣಿಗೆ ಅದು ಚುಚ್ಚುತ್ತದೆ.