ವಸ್ತಿ ಮನೆಯ ಕಾಳುಕಡಿ

ತಮ್ಮಾ, ಯವ್ವಾ, ಇದನ್ನು ಇಬ್ಬರೂ ಕೂಡಿ ಓದಿರಿ. ಬೆಂಗಳೂರು ಬಿಟ್ಟು ತಿಕೋಟಾದ ತೋಟದ ವಸ್ತಿಯಲ್ಲೇ ಇರುತ್ತೇವೆ ಅಂದಿದ್ದೀರಿ. ನನಗೆ ಸಂತೋಷವಾಗಿದೆ. ಆದರೆ ಮನೆಯ ನಕ್ಷೆ, ಸೋಲಾರ್, ಇಂಟರ್‌ನೆಟ್ಟಿನ ಮಾತೆಲ್ಲ ಆಯಿತು, ವರ್ಷದ ಕಾಳುಕಡಿಯ ಮಾತು ಬರಲೇ ಇಲ್ಲ. ವಿಜಯಪುರ ಹತ್ತಿರವೇ ಇದೆ, ಬೇಕಾದಾಗ ತಂದರಾಯಿತು ಅನ್ನುತ್ತೀರಿ. ನಮ್ಮ ಎರಿ ಮಣ್ಣನ್ನು ನೀವಿನ್ನೂ ಮಳೆಗಾಲದಲ್ಲಿ ನೋಡಿಲ್ಲ. ನಾಲ್ಕು ದಿನ ಜಡಿ ಹಿಡಿದರೆ ವಸ್ತಿಯ ದಾರಿಯಲ್ಲಿ ಗಾಲಿ ಉರುಳುವುದಿಲ್ಲ, ಕಾಲು ಕೀಳಲೂ ಆಗುವುದಿಲ್ಲ. ಆಗ ಮನೆಯಲ್ಲಿ ಇದ್ದದ್ದೇ ಊಟ.

ಮೊದಲು ನೀರು. ಈ ಸೀಮೆಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ನಂಬಿಕೆಯದಲ್ಲ. ಡೋಣಿ ನದಿಯ ನೀರು ಸವಳು, ಅನೇಕ ಬೋರುಗಳದ್ದೂ ಅದೇ ರುಚಿ. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಕಾಲುವೆ ಹಾಯಿಸಿ ವಿಜಯಪುರಕ್ಕೆ ನೀರು ತಂದರು, ಬೇಗಂ ತಲಾಬ್ ಕಟ್ಟಿಸಿದರು, ಬಬಲೇಶ್ವರ ಕಡೆಯ ಮಮದಾಪುರದಲ್ಲಿ ದೊಡ್ಡ ಕೆರೆ ಮಾಡಿಸಿದರು. ರಾಜರಿಗೇ ನೀರಿನ ಚಿಂತೆ ಇದ್ದ ನೆಲ ಇದು. ನಿಮ್ಮ ಮಾಳಿಗೆ ಸಾವಿರ ಚದರಡಿ ಇದ್ದರೆ 600 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವುದು ಸುಮಾರು 55,000 ಲೀಟರ್. ಐದು ಮಂದಿಗೆ ಕುಡಿಯಲು, ಅಡಿಗೆಗೆ ದಿನಕ್ಕೆ 40 ಲೀಟರ್ ಹಿಡಿದರೂ ಮಳೆಯಿಲ್ಲದ ಎಂಟು ತಿಂಗಳಿಗೆ 10,000 ಲೀಟರ್ ಸಾಕು. ಮನೆ ಕಟ್ಟುವಾಗಲೇ ಅಷ್ಟು ಹಿಡಿಯುವ ನೆಲತೊಟ್ಟಿ ಮಾಡಿಸಿರಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ತೊಟ್ಟಿಗೆ ಬಿಸಿಲು ತಾಗಬಾರದು.

ಇನ್ನು ಬಿಳಿಜೋಳ. ನಾನು ಮುಖ್ಯವಾಗಿ ಹೇಳಬೇಕೆಂದದ್ದು ಇದನ್ನೇ. ತಿಕೋಟಾ ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ಪಡ. ಬಬಲೇಶ್ವರ ಕಡೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ ಕಬ್ಬೂ ಬಂದಿದೆ. ಹಣ ಬರಲಿ, ನಾನು ಬೇಡವೆನ್ನುವುದಿಲ್ಲ. ಆದರೆ ದ್ರಾಕ್ಷಿಗೆ ಏಪ್ರಿಲ್ಲಿನಲ್ಲಿ ಬಳ್ಳಿ ಕತ್ತರಿಸುವ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಇನ್ನೊಂದು, ನಡುವೆ ಔಷಧ, ಗೊಬ್ಬರ, ಆಳಿನ ಖರ್ಚು. ಕೊನೆಗೆ ಒಂದು ಆಣೆಕಲ್ಲಿನ ಮಳೆ ಬಂದರೆ ಕೈಯಲ್ಲಿ ಸಾಲವಷ್ಟೇ ಉಳಿಯುತ್ತದೆ. ಅಂಥ ವರ್ಷ ರೊಟ್ಟಿಯ ಜೋಳಕ್ಕೂ ಅಂಗಡಿಗೆ ಹೋಗಬೇಕಾದರೆ ತೋಟದಲ್ಲಿದ್ದೂ ಏನು ಸುಖ? ಎರಡೆಕರೆ ಎರಿ ಹೊಲವನ್ನು ಹಿಂಗಾರಿ ಜೋಳಕ್ಕೆ ಬಿಡಿರಿ. ಯಾರು ಎಷ್ಟು ಲೆಕ್ಕ ತೋರಿಸಿದರೂ ಆ ಹೊಲವನ್ನು ಬೇರೆ ಬೆಳೆಗೆ ಮುರಿಯಬೇಡಿರಿ.

ಈ ಲೆಕ್ಕ ನೋಡಿರಿ. ದುಡಿಯುವ ಮನುಷ್ಯನಿಗೆ ದಿನಕ್ಕೆ 400 ಗ್ರಾಂ ಹಿಡಿದರೆ ವರ್ಷಕ್ಕೆ ಒಂದೂವರೆ ಕ್ವಿಂಟಲ್, ಐದು ಮಂದಿಗೆ ಏಳೂವರೆ. ಮಳೆಯನ್ನೇ ನಂಬಿದ ಎರಡೆಕರೆಯಲ್ಲಿ ಸಾಧಾರಣ ವರ್ಷ ಎಂಟು-ಹತ್ತು ಕ್ವಿಂಟಲ್ ಆಗುತ್ತದೆ. ಮೇಲೆ ದನದ ಮೇವಿಗೆ ಕಣಕಿ ಬೇರೆ. ಒಂದು ಆಕಳು ವರ್ಷಕ್ಕೆ ಎರಡು-ಎರಡೂವರೆ ಟನ್ ಒಣಮೇವು ತಿನ್ನುತ್ತದೆ, ಅದೂ ಈ ಎರಡೆಕರೆಯಲ್ಲೇ ಹೆಚ್ಚುಕಡಿಮೆ ದಕ್ಕುತ್ತದೆ. 1972ರ ಬರದಲ್ಲಿ ನಾನು ಈ ಮನೆಗೆ ಹೊಸ ಸೊಸೆ. ಬರಗಾಲದ ಕೆಲಸಕ್ಕೆ ಹೋಗಿ ಮಣ್ಣು ಹೊತ್ತವರು ಹೇಗೋ ಹೊಟ್ಟೆ ಹೊರೆದರು. ಮೇವಿನ ಬಣವಿ ತೀರಿದವರು ಮಾತ್ರ ದನಗಳನ್ನು ಸಿಕ್ಕ ಬೆಲೆಗೆ ಕೊಟ್ಟರು. ಮರುವರ್ಷ ಮಳೆ ಬಂದಾಗ ಅವರ ಬಳಿ ಗಳೆ ಹೂಡಲು ಎತ್ತಿರಲಿಲ್ಲ. ಅದಕ್ಕೇ ಒಂದು ಹಳೆಯ ಬಣವಿ ಯಾವಾಗಲೂ ಹಿತ್ತಿಲಲ್ಲಿ ಇರಲಿ ಅನ್ನುತ್ತೇನೆ. ಮನೆಯಿಂದ ದೂರ ಒಟ್ಟಿರಿ, ಬೆಂಕಿಯ ಭಯ.

ಹೊಲದ ಅಂಚಿಗೆ ಕುಸುಬಿ ಹಾಕಿರಿ. ಮುಳ್ಳಿರುವುದರಿಂದ ಬಿಡಾಡಿ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು. ನಡುವೆ ನಾಲ್ಕು ಸಾಲು ಕಡಲೆ ಬಿತ್ತಿದರೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಹೋದಾಗ ಹಸಿಗಡಲೆ ಸುಲಿದು ತಿನ್ನಲು ಸಿಗುತ್ತದೆ.

ಹಿಂಗಾರಿ ಜೋಳ ಮಳೆಯಿಲ್ಲದ ದಿನಗಳಲ್ಲಿ ಕಾಳು ಕಟ್ಟುತ್ತದೆ, ಆದ್ದರಿಂದ ಬೂಸಲು ಹತ್ತದೆ ಬೆಳ್ಳಗಿರುತ್ತದೆ, ಬಹುದಿನ ಬಾಳುತ್ತದೆ. ಆದರೂ ರಾಶಿಯಾದ ಕೂಡಲೇ ತುಂಬಬೇಡಿರಿ. ಹಲ್ಲಿಗೆ ಹಾಕಿದರೆ ಕಟ್ ಅನ್ನುವವರೆಗೆ ಒಣಗಿಸಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ತುಂಬಿರಿ, ಬಿಸಿಯಲ್ಲೇ ತುಂಬಿದರೆ ಬೆವರಿ ನುಸಿ ಹುಟ್ಟುತ್ತದೆ. ಹಿಂದೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಹಗೇವು ಇತ್ತು. ನೆಲದೊಳಗೆ ಗಾಳಿಯಾಡದ್ದರಿಂದ ಹುಳ ಉಸಿರುಕಟ್ಟಿ ಸಾಯುತ್ತಿದ್ದವು. ಮನುಷ್ಯನಿಗೂ ಅದೇ ಅಪಾಯ, ಬಾಯಿ ತೆಗೆದ ಕೂಡಲೇ ಇಳಿದವರು ಸತ್ತದ್ದುಂಟು. ನಿಮಗೆ ಹಗೇವು ಬೇಡ. ಬಿಗಿ ಮುಚ್ಚಳದ ತಗಡಿನ ಕಣಜ ತನ್ನಿರಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿರಿ, ಒಣಗಿದ ಬೇವಿನೆಲೆ ಹಾಕಿರಿ. ಕಾಳಿಗೆ ಹಾಕುವ ವಿಷದ ಗುಳಿಗೆಯನ್ನು ಮಾತ್ರ ಮನೆಯೊಳಗೆ ತರಲೇಬೇಡಿರಿ. ಅದರ ಗಾಳಿ ಮಲಗಿದವರ ಜೀವ ತೆಗೆಯುತ್ತದೆ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಯವ್ವಾ, ಅಡಿಗೆಮನೆಯ ವರ್ಷ ಬೇಸಿಗೆಯಲ್ಲಿ ಶುರುವಾಗುತ್ತದೆ. ಶಾವಿಗೆ, ಸಂಡಿಗೆ, ಹಪ್ಪಳ, ಮಸಾಲಿ ಖಾರ, ಮಾವಿನ ಉಪ್ಪಿನಕಾಯಿ ಎಲ್ಲ ಏಪ್ರಿಲ್-ಮೇ ಬಿಸಿಲಿನ ಕೆಲಸ. ಒಬ್ಬಳೇ ಮಾಡಲು ಹೋಗಬೇಡ, ಪಕ್ಕದ ವಸ್ತಿಯವರನ್ನು ಕರಿ, ಅವರ ಕೆಲಸಕ್ಕೆ ನೀನೂ ಹೋಗು. ತೊಗರಿಯನ್ನು ಬೇಳೆ ಮಾಡಿಸಿಯೇ ಇಡು, ಇಡಿ ಕಾಳಿಗೆ ಹುಳ ಬೇಗ ಬೀಳುತ್ತದೆ. ಶೇಂಗಾ ಸಿಪ್ಪೆಯೊಳಗೇ ಇರಲಿ, ಬೇಕಾದಷ್ಟೇ ಸುಲಿ. ಜೋಳದ ಹಿಟ್ಟು ಹದಿನೈದು ದಿನಕ್ಕಿಂತ ಹೆಚ್ಚು ಬೀಸಿಸಬೇಡ, ಕಹಿಯಾಗುತ್ತದೆ. ಅದರ ಬದಲು ಕಡಕ್ ರೊಟ್ಟಿ ಮಾಡಿ ಬಟ್ಟೆ ಸುತ್ತಿ ಇಟ್ಟರೆ ತಿಂಗಳು ಕಳೆದರೂ ಕೆಡುವುದಿಲ್ಲ. ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿ ಮೂರೂ ಡಬ್ಬಿಯಲ್ಲಿದ್ದರೆ ಯಾವ ಹೊತ್ತಿಗೆ ಯಾರು ಬಂದರೂ ಎಲೆ ಹಾಕಬಹುದು. ಒಣದ್ರಾಕ್ಷಿಯನ್ನು ಪೂರಾ ಪೇಟೆಗೆ ಕಳಿಸಬೇಡಿರಿ, ಮಕ್ಕಳಿಗೆಂದು ಒಂದಿಷ್ಟು ತೆಗೆದಿಡಿರಿ.

ಕುಳ್ಳು, ತೊಗರಿಕಟ್ಟಿಗೆ, ಬ್ಯಾಟರಿ, ಜ್ವರದ ಗುಳಿಗೆ, ಇವನ್ನೆಲ್ಲ ಕೂಡಿಡುವುದು ನಿಮಗೆ ಗೊತ್ತು. ಹಾವು ಕಚ್ಚಿದರೆ ಹಗ್ಗ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ, ತಡಮಾಡದೆ ವಿಜಯಪುರದ ಆಸ್ಪತ್ರೆಗೆ ಹೋಗಿರಿ. ಅದಕ್ಕಾಗಿ ಗಾಡಿಯಲ್ಲಿ ಪೆಟ್ರೋಲ್ ಯಾವಾಗಲೂ ಇರಲಿ, ಮಳೆಗಾಲದಲ್ಲಿ ಗಾಡಿ ಡಾಂಬರು ರಸ್ತೆಯ ಬದಿಗೇ ನಿಲ್ಲಲಿ.

ಒಂದು ಚೀಲ ಜೋಳ ಹೆಚ್ಚೇ ಇಡಿರಿ. ಬಾಜು ವಸ್ತಿಯವರು ಕಡ ಕೇಳಿದರೆ ಕೊಡಬೇಕು, ಸುಗ್ಗಿಗೆ ಅವರು ತಿರುಗಿ ಅಳೆಯುತ್ತಾರೆ. ಬೀಜಕ್ಕೆ ಹೈಬ್ರಿಡ್ ಕೇಳಿಕೊಂಡು ಹೋಗಬೇಡಿರಿ, ಅದನ್ನು ವರ್ಷವರ್ಷವೂ ಕೊಳ್ಳಬೇಕಾಗುತ್ತದೆ. ನಮ್ಮ ಮಾಲದಂಡಿ ಜೋಳದ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಮೊದಲ ಸಲಕ್ಕೆ ಹಿಟ್ನಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿರಿ. ಎಕರೆಗೆ ಮೂರು ಕಿಲೋ ಸಾಕು. ಕೊಯ್ಯುವ ಮುಂಚೆ ತುಂಬಿದ ತೆನೆಗಳನ್ನು ಆರಿಸಿ ಬೇರೆ ಬಡಿಯಿರಿ, ಬೂದಿ ಬೆರೆಸಿ ಗಡಿಗೆಗೆ ತುಂಬಿ ಬಾಯಿ ಮೆತ್ತಿರಿ. ಎಷ್ಟೇ ಅಡಚಣೆ ಬಂದರೂ ಆ ಗಡಿಗೆಯ ಜೋಳವನ್ನು ಬೀಸಲು ತೆಗೆಯಬೇಡಿರಿ.