ಗಂಟಲು ಕೂತರೆ ಹಾಸ್ಟೆಲ್ ರೂಮಲ್ಲಿ ಏನು ಮಾಡೋದು?

ರಾಜ್ಯೋತ್ಸವದ ನಾಟಕಕ್ಕೆ ಐದು ದಿನ ಬಾಕಿ ಇತ್ತು. ನಮ್ಮ ರಾಜನ ಪಾತ್ರದ ಹುಡುಗನಿಗೆ ಮೊದಲೇ ನೆಗಡಿ, ಅದರ ಮೇಲೆ ಬ್ರ್ಯಾಂಚ್ ಕ್ರಿಕೆಟ್ ಮ್ಯಾಚಿನಲ್ಲಿ ಸಂಜೆಯಿಡೀ ಕಿರುಚಿದ್ದ. ಮರುದಿನ ರಿಹರ್ಸಲ್‌ನಲ್ಲಿ ಬಾಯಿ ತೆರೆದರೆ ಬರೀ ಗಾಳಿ. ತಕ್ಷಣ ನಾವೆಲ್ಲ ಡಾಕ್ಟರಾದೆವು. ಒಬ್ಬಳು ಶುಂಠಿ ಕಷಾಯ ತಂದಳು, ಒಬ್ಬ ಕಾಳುಮೆಣಸು ಅಗಿಯೋಕೆ ಕೊಟ್ಟ, ಇನ್ನೊಬ್ಬ "ಜೋರಾಗಿ ಬೇಡ ಮಗಾ, ಪಿಸುಗುಟ್ಟಿಕೊಂಡೇ ಡೈಲಾಗ್ ಹೇಳು" ಅಂದ. ಎರಡು ದಿನ ಹೀಗೇ ನಡೀತು. ಸ್ವರ ಇನ್ನಷ್ಟು ಕೆಟ್ಟಿತು. ಕೊನೆಗೆ ಇಎನ್‌ಟಿ ಡಾಕ್ಟರ ಹತ್ರ ಹೋದಾಗ ಗೊತ್ತಾಯ್ತು, ನಾವು ಮಾಡಿದ್ದರಲ್ಲಿ ಅರ್ಧ ಗಂಟಲಿಗೆ ಹಿತ ಅಷ್ಟೇ, ಪಿಸುಗುಟ್ಟಿಸಿದ್ದಂತೂ ತಪ್ಪೇ. ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೀವಿ.

ಮೊದಲು ಒಳಗೆ ಏನಾಗುತ್ತೆ ಅಂತ ನೋಡೋಣ. ಧ್ವನಿಪೆಟ್ಟಿಗೆಯಲ್ಲಿ ಎರಡು ಸ್ವರತಂತುಗಳಿವೆ. ತಂತು ಅಂತ ಕರೆದರೂ ಅವು ವೀಣೆಯ ತಂತಿ ಥರ ಅಲ್ಲ, ಒದ್ದೆಯಾದ ಮೃದು ಮಡಿಕೆಗಳು. ಶ್ವಾಸಕೋಶದಿಂದ ಬರುವ ಗಾಳಿಗೆ ಅವು ಒಂದಕ್ಕೊಂದು ಬಡಿಯುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ನಿಮಿಷ ಮಾತಾಡಿದರೆ ಎಷ್ಟು ಬಡಿತ ಅಂತ ನೀವೇ ಗುಣಿಸಿ ನೋಡಿ. ವೈರಸ್ಸಿನಿಂದಲೋ ಕಿರುಚಾಟದಿಂದಲೋ ಈ ಮಡಿಕೆ ಊದಿದರೆ ಅದರ ದ್ರವ್ಯರಾಶಿ ಹೆಚ್ಚುತ್ತೆ, ಕಂಪನದ ಆವರ್ತ ಇಳಿಯುತ್ತೆ. ಅದಕ್ಕೇ ಸ್ವರ ದಪ್ಪ ಆಗೋದು. ಅಂಚುಗಳು ಸರಿಯಾಗಿ ಕೂಡದೆ ಸಂದಿಯಿಂದ ಗಾಳಿ ಸೋರಿದರೆ ಅದೇ ಕರಕರ ಸದ್ದು. ಇಷ್ಟು ಫಿಸಿಕ್ಸ್ ಸಾಕು.

ಈಗ ಕಷಾಯದ ವಿಷಯ. ನಾವು ನುಂಗಿದ್ದು ಯಾವುದೂ ಸ್ವರತಂತುವಿಗೆ ತಾಗಲ್ಲ. ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತೆ, ಒಂದು ಹನಿ ತಪ್ಪಿ ಹೋದರೂ ನೆತ್ತಿ ಹತ್ತಿ ಕಣ್ಣಲ್ಲಿ ನೀರು ಬರೋವರೆಗೆ ಕೆಮ್ಮುತ್ತೀವಿ. ಉಪ್ಪುನೀರು ಮುಕ್ಕಳಿಸಿದರೂ ಅಷ್ಟೇ, ಅದು ಗಂಟಲಿನ ಮೇಲ್ಭಾಗದಲ್ಲೇ ನಿಲ್ಲುತ್ತೆ. ಹಾಗಂತ ಇವೆಲ್ಲ ದಂಡ ಅಂತಲ್ಲ. ಬೆಚ್ಚಗಿನ ನೀರು, ಜೇನುತುಪ್ಪ, ಕಲ್ಲುಸಕ್ಕರೆ, ಜೇಷ್ಠಮಧುವಿನ ಚೂರು ಗಂಟಲಿನ ಉರಿ, ಕೆಮ್ಮು ಕಡಿಮೆ ಮಾಡುತ್ತವೆ. ಕೆಮ್ಮು ಕಡಿಮೆಯಾದರೆ ಬಡಿತ ಕಡಿಮೆ. ಜೇಷ್ಠಮಧುವನ್ನು ಮಾತ್ರ ದಿನಗಟ್ಟಲೆ ಜಾಸ್ತಿ ತಿನ್ನಬೇಡಿ, ಬಿಪಿ ಏರಿಸುತ್ತೆ. ಕುಡಿದ ನೀರು ರಕ್ತದ ಮೂಲಕ ಹೋಗಿ ಒಳಗಿನ ಲೋಳೆಯನ್ನು ತೆಳುವಾಗಿ ಇಡುತ್ತೆ. ಅದಕ್ಕೇ ಒಂದೇ ಸಲ ಗಟಗಟ ಅಂತಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಕುಡೀತಾ ಇರಬೇಕು.

ನೇರವಾಗಿ ಸ್ವರತಂತುವಿನವರೆಗೆ ತಲುಪೋದು ಉಸಿರಲ್ಲಿ ಹೋಗುವ ಹಬೆ ಮಾತ್ರ. ಬರೀ ನೀರಿನ ಹಬೆ ಸಾಕು, ಬಾಮ್ ಹಾಕಬೇಕಿಲ್ಲ, ಕೆಲವರಿಗೆ ಅದರಿಂದಲೇ ಉರಿ. ಕುದಿಯುವ ನೀರಿನ ಪಾತ್ರೆಯನ್ನು ಮಂಚದ ಮೇಲೆ, ತೊಡೆ ಮೇಲೆ ಇಟ್ಟುಕೊಂಡು ಕೂರಬೇಡಿ, ಚೆಲ್ಲಿದರೆ ಗಂಟಲಿನ ಚಿಂತೆ ಮರೆತೇ ಹೋಗುತ್ತೆ. ಕೆಟಲ್ ಇಟ್ಟರೆ ವಾರ್ಡನ್ ಬಿಡಲ್ಲ ಅನ್ನೋರು ಬೆಳಿಗ್ಗೆ ಬಿಸಿನೀರು ಬರುವಾಗ ಬಾತ್‌ರೂಮ್ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ನಿಧಾನ ಉಸಿರಾಡಿ.

ಆದರೆ ನಿಜವಾದ ಔಷಧಿ ಸುಮ್ಮನಿರೋದು. ನಮಗೆ ಅದೇ ಕಷ್ಟ! ಒತ್ತಿ ಪಿಸುಗುಟ್ಟುವಾಗ ತುಂಬ ಜನ ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳನ್ನ ಬಿಗಿ ಹಿಡಿಯುತ್ತಾರೆ, ಅದು ವಿಶ್ರಾಂತಿ ಅಲ್ಲ. ಮಾತಾಡಲೇಬೇಕಾದರೆ ಹತ್ತಿರ ಇರುವವರ ಜೊತೆ ಮೆಲುದನಿಯಲ್ಲಿ, ಎರಡೇ ಮಾತು. ಉಳಿದದ್ದಕ್ಕೆ ವಾಟ್ಸಾಪ್ ಇದೆ. "ಕ್ಹಾಂ ಕ್ಹಾಂ" ಅಂತ ಗಂಟಲು ಸರಿಮಾಡಿಕೊಳ್ಳೋ ಚಟವೂ ತಂತುಗಳನ್ನ ಬಲವಾಗಿ ಬಡಿಸುತ್ತೆ, ಹಾಗನಿಸಿದಾಗ ಒಂದು ಗುಟುಕು ನೀರು ನುಂಗಿ. ಸಿಗರೇಟು ಪೂರ್ತಿ ಬೇಡ. ರಾತ್ರಿ ಹನ್ನೆರಡಕ್ಕೆ ಖಾರದ ಎಗ್ ರೈಸ್ ತಿಂದು ತಕ್ಷಣ ಮಲಗಿದರೆ ಹೊಟ್ಟೆಯ ಆಮ್ಲ ಮೇಲೆ ಬಂದು ಅದೂ ಕೆರೆಯುತ್ತೆ.

ಸ್ವರ ಮರಳಲು ಶುರುವಾದ ಮೇಲೆ ಮಾಡಬಹುದಾದ ಒಂದು ಅಭ್ಯಾಸ ನಮಗೆ ತುಂಬ ಹಿಡಿಸಿತು. ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಒಂದು ಸ್ಟ್ರಾ, ತುದಿ ನೀರಿನೊಳಗೆ ಒಂದೆರಡು ಸೆಂಟಿಮೀಟರ್ ಮಾತ್ರ. ಗುಳ್ಳೆ ಬರೋ ಹಾಗೆ ಮೆಲ್ಲಗೆ "ಊ" ಅನ್ನಬೇಕು. ನೀರು ಗಾಳಿಯನ್ನು ಸ್ವಲ್ಪ ಹಿಂದಕ್ಕೆ ಒತ್ತೋದರಿಂದ ತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಕಂಪಿಸುತ್ತವೆ. ನೋವಾದರೆ ನಿಲ್ಲಿಸಿ.

ನೆಗಡಿಯ ಜೊತೆ ಬಂದ ಗಂಟಲು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಸರಿಹೋಗುತ್ತೆ. ಕಾರಣ ಹೆಚ್ಚಾಗಿ ವೈರಸ್, ಆದ್ದರಿಂದ ರೂಮ್‌ಮೇಟ್ ಹತ್ರ ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗೋದು ವ್ಯರ್ಥ. ಆದರೆ ಉಸಿರಾಡೋಕೆ, ನುಂಗೋಕೆ ಕಷ್ಟ ಆದರೆ, ಕೆಮ್ಮಿದಾಗ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕಿರುಚುತ್ತಿರುವಾಗಲೇ ಸ್ವರ ತಟ್ಟನೆ ನಿಂತುಹೋದರೆ ತಂತುವಿನಲ್ಲಿ ರಕ್ತನಾಳ ಒಡೆದಿರಬಹುದು. ಆಗ ಪೂರ್ತಿ ಮೌನ, ಆಸ್ಪಿರಿನ್ ಥರದ ಮಾತ್ರೆ ಬೇಡ, ಬೇಗ ಇಎನ್‌ಟಿ ಡಾಕ್ಟರನ್ನ ನೋಡಬೇಕು. ಮೂರು ವಾರ ಕಳೆದರೂ ಕರಕರ ಹೋಗದಿದ್ದರೂ ತೋರಿಸಲೇಬೇಕು.

ನಮ್ಮ ರಾಜ ಉಳಿದ ಎರಡು ದಿನ ಒಂದು ಮಾತೂ ಆಡಲಿಲ್ಲ, ನೋಟ್‌ಬುಕ್ಕಿನಲ್ಲೇ ಬರೆದು ನಮಗೆಲ್ಲ ಬೈದ. ಅಬ್ಬರಿಸುವ ಮಾತುಗಳನ್ನ ಮಂತ್ರಿಗೆ ದಾಟಿಸಿದೆವು, ಅವನಿಗೆ ಕಾಲರ್ ಮೈಕ್ ಸಿಕ್ಕಿಸಿದೆವು. ಸ್ವರ ಮುಕ್ಕಾಲು ಪಾಲು ಬಂದಿತ್ತು. ನಾಟಕ ಮುಗಿದ ಮೇಲೆ ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು, "ಅಣ್ಣಾ, ಮುದಿ ರಾಜನ ವಾಯ್ಸ್ ಹೇಗೆ ಪ್ರ್ಯಾಕ್ಟೀಸ್ ಮಾಡಿದ್ರಿ?" ಅಂತ ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ನಾವು ನೀರಿನ ಬಾಟಲ್ ಕೈಗಿಟ್ಟೆವು.